ಕುಡಿಯುವ ನೀರು, ಉಸಿರಾಡುವ ಗಾಳಿ: ಅಳತೆಯ ಪಾಠ

ನೀರು ಶುದ್ಧವಾಗಿದೆಯೇ ಎಂದು ತಿಳಿಯಲು ನಮ್ಮ ಹಿರಿಯರು ಮೂರು ಪರೀಕ್ಷೆಗಳನ್ನು ಬಳಸುತ್ತಿದ್ದರು. ಕಣ್ಣಿಗೆ ತಿಳಿಯಾಗಿ ಕಾಣಬೇಕು, ಮೂಗಿಗೆ ವಾಸನೆ ಬಡಿಯಬಾರದು, ನಾಲಗೆಗೆ ಸಿಹಿಯೆನಿಸಬೇಕು. ಈ ಪರೀಕ್ಷೆಗಳನ್ನು ಹಗುರವಾಗಿ ಕಾಣುವಂತಿಲ್ಲ. ಕೊಳೆತ ಕೆರೆಯ ನೀರಿನಿಂದಲೂ ಹೊಗೆ ತುಂಬಿದ ಕೋಣೆಯಿಂದಲೂ ಅವು ತಲೆಮಾರುಗಳ ಕಾಲ ನಮ್ಮನ್ನು ಕಾಪಾಡಿವೆ. ಆದರೆ ಇಂದಿನ ಕಾಲಕ್ಕೆ ಅವಷ್ಟೇ ಸಾಲವು. ಬಾವಿಯ ನೀರಿನಲ್ಲಿ ಕರಗಿರುವ ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ನಾಲಗೆಗೆ ಅದರ ಸುಳಿವೂ ಹತ್ತದು. ಕೂದಲೆಳೆಯ ದಪ್ಪದ ಇಪ್ಪತ್ತು ಮೂವತ್ತರಲ್ಲಿ ಒಂದು ಪಾಲಿನಷ್ಟಿರುವ ಧೂಳಿನ ಕಣವು ಯಾವ ಕಣ್ಣಿಗೂ ಬೀಳದು. ಇಂತಹವುಗಳ ವಿಷಯದಲ್ಲಿ ಇಂದ್ರಿಯಗಳ ಸಾಕ್ಷ್ಯ ನಿಂತುಹೋಗುತ್ತದೆ. ಅಲ್ಲಿಂದ ಮುಂದೆ ಅಳತೆಯೊಂದೇ ದಾರಿ. ಆ ಅಳತೆಯನ್ನು ಎಲ್ಲಿ, ಹೇಗೆ ಮಾಡಬೇಕು, ಅದರಿಂದ ಏನನ್ನು ತೀರ್ಮಾನಿಸಬಹುದು ಎಂಬುದನ್ನು ನಮ್ಮ ವಿದ್ಯಾರ್ಥಿಗಳಿಗೂ ಅವರ ಮನೆಯವರಿಗೂ ತಿಳಿಯುವಂತೆ ವಿವರಿಸುವುದು ಈ ಲೇಖನದ ಉದ್ದೇಶವಾಗಿದೆ.

ನಾಗಪುರದಲ್ಲಿ ವಾಸಿಸುವ ನಮಗೆ ಈ ಶಾಸ್ತ್ರದ ಮನೆ ಬಹು ಸಮೀಪದಲ್ಲಿಯೇ ಇದೆ. ೧೯೫೮ರಲ್ಲಿ ಈ ನಗರದಲ್ಲಿ ‘ಕೇಂದ್ರೀಯ ಸಾರ್ವಜನಿಕ ಆರೋಗ್ಯ ಇಂಜಿನಿಯರಿಂಗ್ ಸಂಶೋಧನಾ ಸಂಸ್ಥೆ’ ಎಂಬುದೊಂದು ಸ್ಥಾಪಿತವಾಯಿತು. ಊರುಗಳಿಗೆ ಶುದ್ಧವಾದ ನೀರನ್ನು ಒದಗಿಸುವುದು, ಚರಂಡಿಯ ಕೊಳಚೆಯನ್ನು ಅಪಾಯವಿಲ್ಲದಂತೆ ಸಾಗಹಾಕುವುದು, ಸಾಂಕ್ರಾಮಿಕ ರೋಗಗಳನ್ನು ತಡೆಯುವುದು, ಇವು ಅದರ ಮೊದಲ ಕಾಳಜಿಗಳಾಗಿದ್ದವು. ಕಾರ್ಖಾನೆಗಳು ಹೆಚ್ಚಿ ಗಾಳಿಯೂ ಮಣ್ಣೂ ಕೆಡತೊಡಗಿದಂತೆ ಅದರ ಕಾರ್ಯಕ್ಷೇತ್ರವು ವಿಸ್ತಾರಗೊಂಡಿತು. ೧೯೭೪ರಲ್ಲಿ ಅದಕ್ಕೆ ‘ರಾಷ್ಟ್ರೀಯ ಪರಿಸರ ಇಂಜಿನಿಯರಿಂಗ್ ಸಂಶೋಧನಾ ಸಂಸ್ಥೆ’ ಎಂಬ ಹೆಸರು ಬಂದಿತು. ಇಂಗ್ಲಿಷ್ ಹೆಸರಿನ ಮೊದಲ ಅಕ್ಷರಗಳನ್ನು ಕೂಡಿಸಿ ಜನರು ಅದನ್ನು ‘ನೀರಿ’ ಎಂದು ಕರೆಯುತ್ತಾರೆ. ಕನ್ನಡಿಗರ ಕಿವಿಗೆ ನೀರಿನ ನೆನಪನ್ನೇ ತರುವ ಈ ಹೆಸರು ಆ ಸಂಸ್ಥೆಗೆ ಒಪ್ಪುವಂತೆಯೇ ಇದೆ. ಅದರ ಹೆಸರಿನ ಬದಲಾವಣೆಯಲ್ಲಿ ನಮಗೊಂದು ಪಾಠವೂ ಉಂಟು. ಜನರ ಆರೋಗ್ಯವನ್ನು ಕಾಯಹೊರಟವರು ಜನರ ಸುತ್ತಲಿನ ಪರಿಸರವನ್ನೆಲ್ಲ ನೋಡಬೇಕಾಗಿ ಬಂದಿತೆಂಬುದೇ ಆ ಪಾಠ.

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಹಾವಾಡಿಗನ ಬುಟ್ಟಿಯಲ್ಲಿ ನಾಗರಹಾವು ಇರುತ್ತದೆ. ಅದರ ಹಲ್ಲಿನಲ್ಲಿ ವಿಷವಿದೆಯೆಂಬುದು ನಿಜ. ಆದರೂ ಮುಚ್ಚಳ ಮುಚ್ಚಿರುವವರೆಗೆ ಬೀದಿಯಲ್ಲಿ ನಡೆದುಹೋಗುವವರಿಗೆ ಅದರಿಂದ ಹಾನಿಯಿಲ್ಲ. ಮುಚ್ಚಳ ತೆರೆದು, ಹಾವು ಹೊರಬಂದು, ಯಾರದೋ ಕಾಲಿಗೆ ಕಚ್ಚಿದಾಗ ಮಾತ್ರ ವಿಷವು ಕೇಡಾಗಿ ಪರಿಣಮಿಸುತ್ತದೆ. ಪರಿಸರದಲ್ಲಿರುವ ವಿಷವಸ್ತುಗಳ ಕತೆಯೂ ಇದೇ. ವಿಷವು ಹುಟ್ಟಿದ ಸ್ಥಳದಿಂದ ಗಾಳಿ, ನೀರು, ಮಣ್ಣು, ಆಹಾರ ಇವುಗಳಲ್ಲಿ ಒಂದನ್ನು ಹಿಡಿದು ಮನುಷ್ಯನ ಮೂಗು, ಬಾಯಿ ಅಥವಾ ಚರ್ಮದವರೆಗೆ ಬಂದು ಮುಟ್ಟಬೇಕು. ಹೀಗೆ ದೇಹವು ವಿಷಕ್ಕೆ ಎದುರಾಗುವುದನ್ನು ‘ಒಡ್ಡಿಕೆ’ ಎಂದು ಕರೆಯೋಣ. ಒಡ್ಡಿಕೆಯನ್ನು ಅಂದಾಜು ಮಾಡುವವರು ನಾಲ್ಕು ಪ್ರಶ್ನೆಗಳನ್ನು ಕೇಳುತ್ತಾರೆ. ವಸ್ತು ಯಾವುದು? ಅದು ಯಾವ ದಾರಿಯಲ್ಲಿ ಬರುತ್ತದೆ? ಎಷ್ಟು ಪ್ರಮಾಣದಲ್ಲಿ, ಎಷ್ಟು ಕಾಲ ಬರುತ್ತದೆ? ಯಾರನ್ನು ಮುಟ್ಟುತ್ತದೆ? ಈ ನಾಲ್ಕಕ್ಕೂ ಉತ್ತರ ದೊರೆತಲ್ಲದೆ ‘ಇಲ್ಲಿ ಅಪಾಯವಿದೆ’ ಎನ್ನುವುದೂ ಆತುರವಾಗುತ್ತದೆ, ‘ಇಲ್ಲಿ ಅಪಾಯವಿಲ್ಲ’ ಎನ್ನುವುದೂ ಆತುರವಾಗುತ್ತದೆ.

ದಾರಿಯ ಪ್ರಶ್ನೆಗೆ ನಮ್ಮ ನಗರದ ನಾಗ ನದಿಯೇ ಉದಾಹರಣೆ. ಊರಿಗೆ ಹೆಸರು ಕೊಟ್ಟ ಈ ನದಿಯು ಈಗ ಊರ ಕೊಳಚೆಯನ್ನು ಹೊತ್ತು ಹರಿಯುತ್ತದೆ. ನಗರವಾಸಿಗಳು ಕುಡಿಯುವುದು ಈ ನೀರನ್ನಲ್ಲ. ಪೇಂಚ್ ಜಲಾಶಯದಿಂದಲೂ ಕನ್ಹಾನ್ ನದಿಯಿಂದಲೂ ಗೋರೆವಾಡಾ ಕೆರೆಯಿಂದಲೂ ತಂದ ನೀರನ್ನು ಶುದ್ಧಿಮಾಡಿ ನಮಗೆ ಕೊಡುತ್ತಾರೆ. ಹಾಗಾದರೆ ನಾಗ ನದಿಯ ಕೊಳೆಯಿಂದ ಯಾರಿಗೂ ಬಾಧೆಯಿಲ್ಲವೆನ್ನಬಹುದೆ? ನದಿಯ ಜೊತೆಯಲ್ಲಿ ಸ್ವಲ್ಪ ದೂರ ನಡೆದು ನೋಡಬೇಕು. ಅದು ಮುಂದೆ ಕನ್ಹಾನ್ ನದಿಯನ್ನು ಸೇರುತ್ತದೆ, ಕನ್ಹಾನ್ ವೈನಗಂಗೆಯನ್ನು ಸೇರುತ್ತದೆ. ಅಲ್ಲಿ ಗೋಸಿಖುರ್ದ್ ಅಣೆಕಟ್ಟಿನ ಹಿನ್ನೀರಿದೆ. ನಗರವು ಮರೆತ ಕೊಳೆಯು ಅಲ್ಲಿ ಮೀನುಗಾರರನ್ನೂ ಹೊಲದವರನ್ನೂ ಭೇಟಿಮಾಡುತ್ತದೆ. ಇನ್ನು ನಗರದೊಳಗೇ ದಾರಿ ಒಮ್ಮೊಮ್ಮೆ ತಾನಾಗಿ ತೆರೆದುಕೊಳ್ಳುವುದುಂಟು. ೨೦೨೩ರ ಸೆಪ್ಟೆಂಬರ್ ೨೩ರ ನಸುಕಿನಲ್ಲಿ ಕೆಲವೇ ಗಂಟೆಗಳಲ್ಲಿ ಸುರಿದ ಭಾರಿ ಮಳೆಗೆ ಅಂಬಾಝರಿ ಕೆರೆಯು ಉಕ್ಕಿ, ನಾಗ ನದಿಯು ದಡ ಮೀರಿ ಮನೆಗಳೊಳಗೆ ನುಗ್ಗಿತು. ಅದುವರೆಗೆ ಸೇತುವೆಯ ಮೇಲಿಂದ ಮೂಗು ಮುಚ್ಚಿಕೊಂಡು ದಾಟುತ್ತಿದ್ದ ನೀರು ಅಡಿಗೆಮನೆಯ ಪಾತ್ರೆಗಳಲ್ಲಿ ನಿಂತಿತು. ವಸ್ತು ಹಿಂದಿನದೇ, ದಾರಿ ಮಾತ್ರ ಹೊಸದಾಯಿತು. ಆದುದರಿಂದ ಒಡ್ಡಿಕೆಯನ್ನು ಅಳೆಯುವವನು ವಿಷವನ್ನು ಅದರ ತೌರಿನಲ್ಲಿ ಮಾತ್ರ ನೋಡಿ ಹಿಂದಿರುಗಬಾರದು.

ಈಗ ‘ಎಷ್ಟು’ ಎಂಬ ಪ್ರಶ್ನೆಗೆ ಬರೋಣ. ‘ಅತಿಯಾದರೆ ಅಮೃತವೂ ವಿಷ’ ಎಂಬ ಗಾದೆಯನ್ನು ಬಲ್ಲ ನಮಗೆ ಈ ಪ್ರಶ್ನೆ ಹೊಸತಲ್ಲ. ಫ್ಲೋರೈಡು ಇದಕ್ಕೆ ತಕ್ಕ ನಿದರ್ಶನ. ನೆಲದಡಿಯ ಕೆಲವು ಬಂಡೆಗಳಲ್ಲಿ ಫ್ಲೋರೈಡುಳ್ಳ ಖನಿಜಗಳಿವೆ. ಅಂತಹ ಬಂಡೆಯ ಸಂಗದಲ್ಲಿ ಬಹುಕಾಲ ನಿಂತ ನೀರಿನಲ್ಲಿ ಅದು ಕರಗಿ ಸೇರುತ್ತದೆ. ಅಲ್ಪ ಪ್ರಮಾಣದಲ್ಲಿ ಅದು ಹಲ್ಲಿಗೆ ಹಿತ. ಪ್ರಮಾಣ ಮೀರಿದರೆ ಮಕ್ಕಳ ಹಲ್ಲುಗಳಲ್ಲಿ ಬಿಳಿಯ, ಕಂದುಬಣ್ಣದ ಕಲೆಗಳು ಮೂಡುತ್ತವೆ. ಇನ್ನೂ ಹೆಚ್ಚಾಗಿ, ವರ್ಷಗಟ್ಟಲೆ ದೇಹ ಸೇರಿದರೆ ಮೂಳೆಗಳು ಬಿರುಸಾಗಿ, ಸಂದುಗಳು ಬಿಗಿದು, ಬೆನ್ನು ಬಾಗುತ್ತದೆ. ನಮ್ಮ ದೇಶದಲ್ಲಿ ಈ ವ್ಯಾಧಿಯು ೧೯೩೭ರಲ್ಲಿ ಅಂದಿನ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಿಂದ ಮೊದಲು ವರದಿಯಾಯಿತು. ಕರ್ನಾಟಕದಲ್ಲಿ ಪಾವಗಡ, ಮುಂಡರಗಿ ಮೊದಲಾದ ತಾಲೂಕುಗಳ ಜನರಿಗೂ, ಈ ಕಡೆ ವಿದರ್ಭದ ಚಂದ್ರಪುರ, ಯವತಮಾಳ ಜಿಲ್ಲೆಗಳ ಹಲವು ಹಳ್ಳಿಗಳ ಜನರಿಗೂ ಈ ತೊಂದರೆಯ ಪರಿಚಯವಿದೆ. ಬೇಸಗೆಯ ರಜೆಯಲ್ಲಿ ಊರಿಗೆ ಹೋಗಿ ಕೊಳವೆಬಾವಿಯ ನೀರು ಕುಡಿದು ಬರುವ ನಮ್ಮ ಮಕ್ಕಳು ಇದನ್ನು ಅವಶ್ಯವಾಗಿ ತಿಳಿದಿರಬೇಕು.

ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ ಒಂದು ಲೀಟರಿನಲ್ಲಿ ೧ ಮಿಲಿಗ್ರಾಂ ಫ್ಲೋರೈಡು ಇರಬಹುದು. ಬೇರೆ ನೀರು ದೊರೆಯದ ಕಡೆ ೧.೫ ಮಿಲಿಗ್ರಾಮಿನವರೆಗೆ ಒಪ್ಪಬಹುದು. ಆದರೆ ನೀರಿನಲ್ಲಿ ಎಷ್ಟಿದೆಯೆಂಬುದು ಅರ್ಧ ಉತ್ತರ ಮಾತ್ರ. ಒಂದು ಲೆಕ್ಕವನ್ನು ಮಾಡಿ ನೋಡೋಣ. ಒಂದು ಬಾವಿಯ ನೀರಿನಲ್ಲಿ ಲೀಟರಿಗೆ ೨ ಮಿಲಿಗ್ರಾಂ ಫ್ಲೋರೈಡು ಇದೆಯೆಂದು ಭಾವಿಸೋಣ. ೬೦ ಕಿಲೋಗ್ರಾಂ ತೂಕದ ಗೃಹಸ್ಥನು ದಿನಕ್ಕೆ ೩ ಲೀಟರ್ ಕುಡಿದರೆ ಅವನ ದೇಹಕ್ಕೆ ೬ ಮಿಲಿಗ್ರಾಂ, ಎಂದರೆ ತೂಕದ ಪ್ರತಿ ಕಿಲೋಗ್ರಾಮಿಗೆ ೦.೧೦ ಮಿಲಿಗ್ರಾಂ ಸೇರುತ್ತದೆ. ಅವನ ೧೫ ಕಿಲೋಗ್ರಾಂ ತೂಕದ ಮಗು ಒಂದೇ ಲೀಟರ್ ಕುಡಿದರೂ ಕಿಲೋಗ್ರಾಮಿಗೆ ೦.೧೩ ಮಿಲಿಗ್ರಾಂ ಆಗುತ್ತದೆ. ಅದೇ ಬಾವಿಯ ನೀರನ್ನು ಕುಡಿದು ಇಟ್ಟಿಗೆಯ ಭಟ್ಟಿಯಲ್ಲಿ ಬಿಸಿಲಿಗೆ ದುಡಿಯುವ ಕೂಲಿಯವನಿಗೆ ೬ ಲೀಟರ್ ಬೇಕಾಗಬಹುದು. ಅವನ ತೂಕವೂ ೬೦ ಆದರೆ ಅವನ ಪಾಲಿಗೆ ೦.೨೦ ಬರುತ್ತದೆ. ಬಾವಿ ಒಂದೇ, ಪ್ರಯೋಗಶಾಲೆಯ ವರದಿ ಒಂದೇ. ಒಡ್ಡಿಕೆ ಮಾತ್ರ ಮೂರು ಬಗೆ. ಅಲ್ಲದೆ ಹಲ್ಲು ರೂಪುಗೊಳ್ಳುತ್ತಿರುವ ಎಳೆಯ ವಯಸ್ಸಿನಲ್ಲಿ ಸೇರಿದ ಫ್ಲೋರೈಡು ಮಾತ್ರವೇ ಹಲ್ಲಿನಲ್ಲಿ ಕಲೆಯಾಗಿ ಉಳಿಯುತ್ತದೆ. ಮಕ್ಕಳನ್ನು ಸಣ್ಣ ಗಾತ್ರದ ದೊಡ್ಡವರೆಂದು ಎಣಿಸಲಾಗದೆಂಬುದು ಇದರಿಂದ ತಿಳಿಯುತ್ತದೆ.

ಅಳತೆಯು ಉಪಾಯಕ್ಕೂ ದಾರಿಯಾಗುತ್ತದೆ. ನೀರಿಯ ವಿಜ್ಞಾನಿಗಳು ೧೯೭೦ರ ದಶಕದಲ್ಲಿ ಫ್ಲೋರೈಡನ್ನು ತೆಗೆಯುವ ಸುಲಭ ಕ್ರಮವೊಂದನ್ನು ರೂಪಿಸಿದರು. ಈಗಿನ ತೆಲಂಗಾಣದಲ್ಲಿರುವ, ಈ ರೋಗದಿಂದ ಬಹಳ ನೊಂದ ನಲ್ಗೊಂಡ ಜಿಲ್ಲೆಯ ಹೆಸರಿನಿಂದಲೇ ಅದು ‘ನಲ್ಗೊಂಡ ವಿಧಾನ’ ಎಂದು ಪ್ರಸಿದ್ಧವಾಗಿದೆ. ನೀರಿಗೆ ಸುಣ್ಣ, ಬ್ಲೀಚಿಂಗ್ ಪುಡಿ ಮತ್ತು ಪಟಿಕವನ್ನು ಹಾಕಿ ಚೆನ್ನಾಗಿ ಕಲಕುತ್ತಾರೆ. ಹತ್ತಿಯಂತಹ ಗರಣೆಗಳು ಕಟ್ಟಿ, ಫ್ಲೋರೈಡನ್ನು ಹಿಡಿದುಕೊಂಡು ತಳಕ್ಕಿಳಿಯುತ್ತವೆ. ಮೇಲಿನ ತಿಳಿನೀರನ್ನು ಸೋಸಿ ಬಳಸಬಹುದು. ಆದರೆ ಪಟಿಕವನ್ನು ಎಷ್ಟು ಹಾಕಬೇಕೆಂಬುದು ಆ ನೀರಿನಲ್ಲಿರುವ ಫ್ಲೋರೈಡನ್ನೂ ಅದರ ಕ್ಷಾರಗುಣವನ್ನೂ ಅವಲಂಬಿಸಿದೆ. ಕಡಿಮೆಯಾದರೆ ಫ್ಲೋರೈಡು ಉಳಿಯುತ್ತದೆ, ಹೆಚ್ಚಾದರೆ ಪಟಿಕದ ಅಲ್ಯೂಮಿನಿಯಂ ನೀರಿನಲ್ಲಿ ಉಳಿಯುತ್ತದೆ. ತಳದ ಕೆಸರನ್ನು ಬಾವಿಯ ಬಳಿಯಲ್ಲೇ ಚೆಲ್ಲಿದರೆ ತೆಗೆದ ಫ್ಲೋರೈಡು ಮತ್ತೆ ನೆಲಕ್ಕಿಳಿಯಬಹುದು. ಹೀಗೆ ಔಷಧದ ಮೊದಲೊಮ್ಮೆ, ಔಷಧದ ತರುವಾಯ ಇನ್ನೊಮ್ಮೆ ಅಳೆಯಬೇಕಾಗುತ್ತದೆ.

ಪ್ರಮಾಣದಷ್ಟೇ ಮುಖ್ಯವಾದುದು ಕಾಲ. ಒಮ್ಮೆಗೇ ಬಹಳವಾಗಿ ತಾಗುವ ವಿಷ ಬೇರೆ, ದಿನವೂ ಸ್ವಲ್ಪ ಸ್ವಲ್ಪವಾಗಿ ತಾಗುವ ವಿಷ ಬೇರೆ. ೨೦೧೭ರ ಮಳೆಗಾಲದ ಬೆಳೆಯ ಕಾಲದಲ್ಲಿ ನಮಗೆ ನೆರೆಯ ಯವತಮಾಳ ಜಿಲ್ಲೆಯಲ್ಲಿ ಹತ್ತಿಯ ಹೊಲಗಳಿಗೆ ಕೀಟನಾಶಕವನ್ನು ಸಿಂಪಡಿಸಿದ ನೂರಾರು ರೈತರೂ ಕೂಲಿಗಳೂ ಆಸ್ಪತ್ರೆಗೆ ಸೇರಿದರು. ಇಪ್ಪತ್ತರಷ್ಟು ಮಂದಿ ಪ್ರಾಣ ಕಳೆದುಕೊಂಡರು. ಉಸಿರಿನ ಮೂಲಕವೂ ಬೆವೆತ ಚರ್ಮದ ಮೂಲಕವೂ ವಿಷವು ಒಳಸೇರಿದುದು ಕೂಡಲೇ ಗೊತ್ತಾಯಿತು. ಏಕೆಂದರೆ ಕಾರಣಕ್ಕೂ ಕಾರ್ಯಕ್ಕೂ ನಡುವೆ ಗಂಟೆಗಳ ಅಂತರ ಮಾತ್ರವಿತ್ತು. ಆದರೆ ಆ ಅಂತರವು ಹತ್ತು, ಇಪ್ಪತ್ತು ವರ್ಷಗಳಾದಾಗ ಕಾರಣವನ್ನು ತೋರಿಸುವುದು ಎಷ್ಟು ಕಷ್ಟವೆಂಬುದನ್ನು ಮುಂದೆ ನೋಡುವೆವು.

ಗಾಳಿಯ ವಿಷಯದಲ್ಲಿ ‘ಎಲ್ಲಿ ಅಳೆಯಬೇಕು’ ಎಂಬ ಪ್ರಶ್ನೆಯು ಪ್ರಧಾನವಾಗುತ್ತದೆ. ನಾಗಪುರದ ಉತ್ತರಕ್ಕೆ ಕೋರಾಡಿ, ಖಾಪರಖೇಡಾ ಎಂಬಲ್ಲಿ ಕಲ್ಲಿದ್ದಲನ್ನು ಉರಿಸುವ ಉಷ್ಣವಿದ್ಯುತ್ ಕೇಂದ್ರಗಳಿವೆ. ಊರೊಳಗೆ ವಾಹನಗಳ ಹೊಗೆ, ಕಟ್ಟಡಗಳ ಧೂಳು, ಕಸ ಸುಡುವ ಬೆಂಕಿ ಇವೆ. ಇವೆಲ್ಲವುಗಳಿಂದ ಏಳುವ ಕಣಗಳಲ್ಲಿ ೨.೫ ಮೈಕ್ರೋಮೀಟರಿಗಿಂತ ಸಣ್ಣವು ಹೆಚ್ಚು ಅಪಾಯಕಾರಿ. ಅವು ಮೂಗಿನ ಕೂದಲಿಗೂ ಗಂಟಲಿನ ಲೋಳೆಗೂ ಸಿಕ್ಕದೆ ಶ್ವಾಸಕೋಶದ ಆಳಕ್ಕಿಳಿಯುತ್ತವೆ. ೨೦೦೯ರ ಭಾರತೀಯ ಮಾನಕದಂತೆ ಇಂತಹ ಕಣಗಳು ಒಂದು ಘನಮೀಟರ್ ಗಾಳಿಯಲ್ಲಿ, ವರ್ಷದ ಸರಾಸರಿಯಲ್ಲಿ, ೪೦ ಮೈಕ್ರೋಗ್ರಾಮನ್ನು ಮೀರಬಾರದು. ವಿಶ್ವ ಆರೋಗ್ಯ ಸಂಸ್ಥೆಯು ೨೦೨೧ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ ಈ ಮಿತಿ ಬರಿಯ ೫. ಮನೆಯ ಒಳಗಿನ ಮತ್ತು ಹೊರಗಿನ ಗಾಳಿಯ ಮಾಲಿನ್ಯದಿಂದ ಲೋಕದಲ್ಲಿ ಪ್ರತಿವರ್ಷ ಸುಮಾರು ೭೦ ಲಕ್ಷ ಜನರು ಅಕಾಲಮರಣಕ್ಕೆ ತುತ್ತಾಗುತ್ತಾರೆಂದು ಆ ಸಂಸ್ಥೆಯು ಅಂದಾಜು ಮಾಡಿದೆ.

ಗಾಳಿಯನ್ನು ಅಳೆಯುವ ಯಂತ್ರಗಳನ್ನು ಸಾಮಾನ್ಯವಾಗಿ ಕಟ್ಟಡಗಳ ಮೇಲೆ, ಬಯಲಿನಲ್ಲಿ ಸ್ಥಾಪಿಸುತ್ತಾರೆ. ಆದರೆ ಜನರು ಬದುಕುವುದು ಮಾಳಿಗೆಯ ಮೇಲಲ್ಲ. ೧೯೮೦ರ ದಶಕದ ಆರಂಭದಲ್ಲಿ ಕಿರ್ಕ್ ಸ್ಮಿತ್ ಎಂಬ ಅಮೆರಿಕದ ವಿಜ್ಞಾನಿಯು ಭಾರತೀಯ ಸಂಗಡಿಗರೊಡನೆ ಗುಜರಾತಿನ ಹಳ್ಳಿಗಳಿಗೆ ಹೋಗಿ, ಮೈಮೇಲೆ ಧರಿಸಬಹುದಾದ ಚಿಕ್ಕ ಯಂತ್ರಗಳನ್ನು ಅಡಿಗೆಮಾಡುವ ಹೆಂಗಸರಿಗೆ ಕೊಟ್ಟು, ಅವರು ಉಸಿರಾಡುವ ಗಾಳಿಯನ್ನು ಒಲೆಯ ಮುಂದೆಯೇ ಅಳೆದನು. ಸೌದೆ ಬೆರಣಿಗಳ ಹೊಗೆಯಲ್ಲಿ ಕಂಡ ಕಣಗಳ ಪ್ರಮಾಣವು ದೊಡ್ಡ ನಗರಗಳ ಕೆಟ್ಟ ಗಾಳಿಯನ್ನೂ ಬಹಳವಾಗಿ ಮೀರಿತ್ತು. ೧೯೮೩ರಲ್ಲಿ ಪ್ರಕಟವಾದ ಈ ಅಧ್ಯಯನವು ವಿದ್ವಾಂಸರ ದೃಷ್ಟಿಯನ್ನು ಚಿಮಣಿಯಿಂದ ಒಲೆಯ ಕಡೆಗೆ ತಿರುಗಿಸಿತು.

ಇದನ್ನೂ ಒಂದು ಕಲ್ಪಿತ ಲೆಕ್ಕದಿಂದ ಮನವರಿಕೆ ಮಾಡಿಕೊಳ್ಳಬಹುದು. ಒಂದು ಬಡಾವಣೆಯ ಗಾಳಿಯಲ್ಲಿ ದಿನವಿಡೀ ೬೦ ಮೈಕ್ರೋಗ್ರಾಂ ಕಣಗಳಿವೆಯೆನ್ನೋಣ. ಅಲ್ಲಿನ ಒಂದು ಮನೆಯ ತಾಯಿಯು ದಿನಕ್ಕೆ ೩ ಗಂಟೆ ಸೌದೆಯ ಒಲೆಯ ಮುಂದೆ ೬೦೦ ಮೈಕ್ರೋಗ್ರಾಮಿನ ಗಾಳಿಯಲ್ಲಿ ಕುಳಿತಿರುತ್ತಾಳೆ. ಉಳಿದ ೨೧ ಗಂಟೆ ಬಡಾವಣೆಯ ಗಾಳಿಯಲ್ಲಿರುತ್ತಾಳೆ. ೩ನ್ನು ೬೦೦ರಿಂದಲೂ ೨೧ನ್ನು ೬೦ರಿಂದಲೂ ಗುಣಿಸಿ, ಕೂಡಿಸಿ, ೨೪ರಿಂದ ಭಾಗಿಸಿದರೆ ೧೨೭.೫ ಬರುತ್ತದೆ. ಮಾಳಿಗೆಯ ಯಂತ್ರವು ತೋರಿಸುವುದು ೬೦. ಅವಳ ಶ್ವಾಸಕೋಶವು ಕಂಡುದು ಅದರ ಎರಡರಷ್ಟಕ್ಕೂ ಮೇಲೆ. ಅವಳ ಕಂಕುಳಲ್ಲಿದ್ದ ಕೂಸಿನದೂ ಅಷ್ಟೇ. ಗಣಿತದ ತರಗತಿಯಲ್ಲಿ ‘ತೂಕದ ಸರಾಸರಿ’ ಎಂದು ಕಲಿಯುವ ವಿಷಯವು ಇದೇ ಆಗಿದೆ. ಯಾವ ಗಾಳಿಯಲ್ಲಿ ಎಷ್ಟು ಹೊತ್ತು ಎಂಬುದನ್ನು ಬರೆದುಕೊಂಡವನಿಗೆ ಮಾತ್ರ ಈ ಲೆಕ್ಕವು ಸಾಧ್ಯ.

ಬಿಸಿಲೂ ಒಂದು ಒಡ್ಡಿಕೆಯೇ. ನಾಗಪುರದ ಮೇ ತಿಂಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇಲ್ಲಿ ೪೫ ಡಿಗ್ರಿಯನ್ನು ದಾಟುವ ದಿನಗಳು ಅಪೂರ್ವವಲ್ಲ. ಆದರೆ ಪತ್ರಿಕೆಯಲ್ಲಿ ಓದುವ ಉಷ್ಣತೆಯು, ಗಾಳಿಯಾಡುವ ಬಿಳಿಯ ಪೆಟ್ಟಿಗೆಯ ನೆರಳಿನಲ್ಲಿಟ್ಟ ಉಷ್ಣಮಾಪಕದ ಅಳತೆ. ತಗಡಿನ ಮಾಡಿನ ಕೆಳಗೆ ಮಲಗುವವರ, ಡಾಂಬರಿನ ರಸ್ತೆಯ ಮೇಲೆ ದುಡಿಯುವವರ ಅಳತೆ ಬೇರೆ. ಅಹಮದಾಬಾದಿನಲ್ಲಿ ೨೦೧೦ರ ಮೇ ತಿಂಗಳಲ್ಲಿ ಬಿಸಿಲ ಅಲೆಯು ಬಂದಾಗ, ಬಿಸಿಲಿನಿಂದ ಸತ್ತವರೆಂದು ಯಾರೂ ಅಷ್ಟಾಗಿ ಎಣಿಸಲಿಲ್ಲ. ಅನಂತರ ಸಂಶೋಧಕರು ಆ ತಿಂಗಳ ಒಟ್ಟು ಮರಣಗಳನ್ನು ೨೦೦೯ ಮತ್ತು ೨೦೧೧ರ ಮೇ ತಿಂಗಳ ಮರಣಗಳೊಡನೆ ಹೋಲಿಸಿದಾಗ ೧,೩೪೪ ಮರಣಗಳು ಹೆಚ್ಚಾಗಿದ್ದುದು ಕಂಡುಬಂದಿತು. ಆ ಲೆಕ್ಕದ ಫಲವಾಗಿ ಅಲ್ಲಿ ೨೦೧೩ರಲ್ಲಿ ಬಿಸಿಲಿನ ಮುನ್ನೆಚ್ಚರಿಕೆಯ ಯೋಜನೆ ಏರ್ಪಟ್ಟಿತು. ಮುಂದೆ ನಾಗಪುರವೂ ಆ ಮಾದರಿಯನ್ನು ಅನುಸರಿಸಿತು. ಜನನ ಮರಣಗಳ ದಫ್ತರವು ಕೂಡ ಒಂದು ಮಾಪಕವೆಂಬುದನ್ನು ಈ ನಿದರ್ಶನವು ತೋರಿಸುತ್ತದೆ.

ಇನ್ನು ಉಳಿದಿರುವುದು ‘ಯಾರನ್ನು ಮುಟ್ಟಿತು’ ಎಂಬ ಪ್ರಶ್ನೆ. ಅದರ ಜೊತೆಗೇ ‘ಇದರಿಂದಲೇ ಆಯಿತೆಂದು ಹೇಗೆ ಹೇಳುವಿರಿ’ ಎಂಬ ಕಠಿನವಾದ ಪ್ರಶ್ನೆ. ಇದಕ್ಕೆ ಕನ್ನಡ ನುಡಿಯುವ ನಾಡೊಂದರ ನೋವಿನ ಕತೆಯನ್ನೇ ನೋಡಬೇಕಾಗಿದೆ. ಕಾಸರಗೋಡು ಜಿಲ್ಲೆಯ ಗುಡ್ಡಗಳ ಮೇಲಿನ ಗೇರುತೋಟಗಳಲ್ಲಿ ಕೇರಳ ತೋಟಗಾರಿಕಾ ನಿಗಮವು ೧೯೭೦ರ ದಶಕದ ಉತ್ತರಾರ್ಧದಿಂದ ೨೦೦೦ದವರೆಗೆ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಹೆಲಿಕಾಪ್ಟರಿನಿಂದ ಸಿಂಪಡಿಸುತ್ತಿತ್ತು. ತೋಟಗಳು ಗುಡ್ಡದ ನೆತ್ತಿಯಲ್ಲಿ, ಮನೆಗಳು ಇಳಿಜಾರಿನಲ್ಲಿ. ಅಲ್ಲಿನ ಜನರು ಗುಡ್ಡವನ್ನು ಅಡ್ಡಲಾಗಿ ಕೊರೆದು ಮಾಡಿದ ‘ಸುರಂಗ’ಗಳಿಂದ ಜಿನುಗುವ ನೀರನ್ನು ಕುಡಿಯುವವರು. ಎಂದಮೇಲೆ ಗಾಳಿಯಲ್ಲಿ ತೇಲುವ ಹನಿ ಒಂದು ದಾರಿ, ಮಳೆನೀರಿನೊಡನೆ ಗುಡ್ಡದೊಳಕ್ಕೆ ಇಳಿದದ್ದು ಇನ್ನೊಂದು ದಾರಿ.

ಕರುಗಳು ಅಂಗವಿಕಲವಾಗಿ ಹುಟ್ಟುವುದನ್ನು ಗಮನಿಸಿ ಪತ್ರಕರ್ತರಾದ ಶ್ರೀಪಡ್ರೆಯವರು ಮೊದಲ ವರ್ಷಗಳಲ್ಲಿಯೇ ಬರೆದರು. ಪಡ್ರೆ ಗ್ರಾಮದ ವೈದ್ಯರಾದ ವೈ. ಎಸ್. ಮೋಹನ ಕುಮಾರರು ತಮ್ಮ ರೋಗಿಗಳಲ್ಲಿ ನರದೌರ್ಬಲ್ಯ, ಬುದ್ಧಿಮಾಂದ್ಯ, ಅಂಗವೈಕಲ್ಯ ಮುಂತಾದವು ಅಸಾಮಾನ್ಯವಾಗಿ ಹೆಚ್ಚಾಗಿರುವುದನ್ನು ಕಂಡು ಎಚ್ಚರಿಸಿದರು. ಆದರೆ ಒಬ್ಬ ವೈದ್ಯನ ಕಣ್ಣಿಗೆ ಕಂಡುದು ಸಾಲದು, ಪ್ರಮಾಣ ಬೇಕೆಂದು ಎದುರುವಾದಿಗಳು ಕೇಳಿದರು. ಆಗ ಅಹಮದಾಬಾದಿನ ರಾಷ್ಟ್ರೀಯ ವೃತ್ತಿಜನ್ಯ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ಬಂದು ಅಧ್ಯಯನ ಮಾಡಿದರು. ಅವರು ಹೋಲಿಕೆಗೆ ಆರಿಸಿಕೊಂಡುದು ಶಾಲೆಯ ಮಕ್ಕಳನ್ನು. ೨೦೦೩ರಲ್ಲಿ ಪ್ರಕಟವಾದ ಅವರ ಒಂದು ಪ್ರಬಂಧದಲ್ಲಿ ಗೇರುಗುಡ್ಡದ ತಪ್ಪಲಿನ ಊರಿನ ೧೧೭ ಮಂದಿ ಬಾಲಕರನ್ನೂ, ಇಂತಹ ಸಿಂಪಡಣೆಯನ್ನು ಕಾಣದ ಊರಿನ ೯೦ ಮಂದಿ ಬಾಲಕರನ್ನೂ ಪರೀಕ್ಷಿಸಿದ ವಿವರವಿದೆ. ಸಿಂಪಡಣೆಯ ಊರಿನ ಬಾಲಕರ ರಕ್ತದಲ್ಲಿ ಎಂಡೋಸಲ್ಫಾನಿನ ಅಂಶವು ಹೆಚ್ಚಾಗಿತ್ತು. ವಯಸ್ಸಿಗೆ ತಕ್ಕಂತೆ ಪ್ರಾಯಕ್ಕೆ ಬರುವ ಬೆಳವಣಿಗೆಯು ನಿಧಾನವಾಗಿರುವ ಲಕ್ಷಣಗಳೂ ಕಂಡವು.

ಇಲ್ಲಿ ಹೋಲಿಕೆಯ ತಿರುಳನ್ನು ಗಮನಿಸಬೇಕು. ಒಂದೇ ಊರಿನ ರೋಗಿಗಳನ್ನು ಎಣಿಸಿದರೆ ‘ಎಲ್ಲ ಊರುಗಳಲ್ಲಿಯೂ ರೋಗಿಗಳಿರುತ್ತಾರೆ’ ಎಂಬ ಉತ್ತರ ಬರುತ್ತದೆ. ಆದುದರಿಂದ ವಯಸ್ಸು, ಆಹಾರ, ಜೀವನಕ್ರಮ ಇವುಗಳಲ್ಲಿ ಸಮಾನವಾಗಿದ್ದು ಒಡ್ಡಿಕೆಯೊಂದರಲ್ಲಿ ಮಾತ್ರ ಬೇರೆಯಾಗಿರುವ ಎರಡು ಗುಂಪುಗಳು ಬೇಕು. ನಿಜಜೀವನದಲ್ಲಿ ಅಷ್ಟು ಸಮಾನವಾದ ಗುಂಪುಗಳು ದೊರೆಯುವುದು ದುರ್ಲಭ. ಅದರಿಂದಲೇ ಇಂತಹ ಅಧ್ಯಯನಗಳ ಮೇಲೆ ಆಕ್ಷೇಪಗಳು ಏಳುತ್ತವೆ. ಕಾಸರಗೋಡಿನ ವಿಷಯದಲ್ಲಿಯೂ ಬಹಳ ವಾದವಿವಾದಗಳು ನಡೆದವು. ಸಮಿತಿಗಳ ಮೇಲೆ ಸಮಿತಿಗಳು ಬಂದವು. ಕಡೆಗೆ ೨೦೧೧ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ದೇಶದಲ್ಲೆಲ್ಲ ಎಂಡೋಸಲ್ಫಾನಿನ ತಯಾರಿಕೆ, ಮಾರಾಟ, ಬಳಕೆಗಳನ್ನು ತಡೆಯಿತು. ೨೦೧೭ರಲ್ಲಿ ಬಾಧಿತರಿಗೆ ತಲಾ ೫ ಲಕ್ಷ ರೂಪಾಯಿ ಪರಿಹಾರವನ್ನು ಕೊಡಬೇಕೆಂದು ಆದೇಶವಾಯಿತು.

ಈ ಕತೆಯಲ್ಲಿ ನಮ್ಮ ಮನಸ್ಸನ್ನು ಬಹಳವಾಗಿ ಕೊರೆಯುವ ಸಂಗತಿಯೊಂದಿದೆ. ಜನರು ನೊಂದು ದೂರಿದರು, ಆದರೆ ಅವರ ಕೈಯಲ್ಲಿ ಅಳತೆಯಿರಲಿಲ್ಲ. ವಿಜ್ಞಾನಿಗಳು ಅಳತೆಯನ್ನು ತಂದಾಗ ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಸಿಂಪಡಣೆ ಮುಗಿದುಹೋಗಿತ್ತು. ೧೯೮೫ರ ಒಂದು ಬೆಳಗ್ಗೆ ಪಡ್ರೆಯ ಅಂಗಳದ ಗಾಳಿಯಲ್ಲಿ ಎಷ್ಟು ವಿಷವಿತ್ತೆಂದು ೨೦೦೧ರಲ್ಲಿ ಯಾರು ಹೇಳಬಲ್ಲರು? ನಿನ್ನೆಯ ಗಾಳಿಯನ್ನು ಇಂದು ಅಳೆಯಲಾಗದು. ನಿನ್ನೆಯ ನೀರನ್ನು ಇಂದು ಸೀಸೆಯಲ್ಲಿ ತುಂಬಲಾಗದು. ಅಂದು ಬರೆದಿಡದೆ ಹೋದ ಲೆಕ್ಕವು ಬಡವರ ಪಾಲಿಗೆ ಎಂದೆಂದಿಗೂ ನಷ್ಟವಾದ ಸಾಕ್ಷ್ಯ. ಅಳತೆ ಪೂರ್ತಿಯಾಗುವವರೆಗೆ ಕೈಕಟ್ಟಿ ಕೂರಬೇಕೆಂದು ಇದರ ಅರ್ಥವಲ್ಲ. ಸಂಶಯವು ಬಲವಾಗಿದ್ದು ಹಾನಿಯು ಮರಳಿ ಸರಿಪಡಿಸಲಾಗದಂತಹದಾಗಿದ್ದರೆ ಮೊದಲು ಕೈತಡೆದು ಅನಂತರ ವಾದಿಸುವುದೇ ವಿವೇಕ. ಹಾವು ಕಚ್ಚಿದೆಯೆಂದು ಮಗು ಅಳುವಾಗ ಹಾವಿನ ಜಾತಿಯನ್ನು ನಿರ್ಣಯಿಸಿದ ಮೇಲೆಯೇ ಎತ್ತಿಕೊಳ್ಳುವೆನೆಂದು ಯಾವ ತಾಯಿಯೂ ಹೇಳಳು.

ಹಾಗಾದರೆ ಶಾಲೆಯ ವಿದ್ಯಾರ್ಥಿಯು ಏನು ಮಾಡಬಲ್ಲನು? ಬೆಲೆಬಾಳುವ ಯಂತ್ರಗಳು ನಮ್ಮಲ್ಲಿಲ್ಲ. ಆದರೆ ಒಂದು ನೋಟುಪುಸ್ತಕ, ಒಂದು ಗಡಿಯಾರ, ಒಂದು ಉಷ್ಣಮಾಪಕ ಇರುವ ಕಡೆ ಕೆಲಸವನ್ನು ಪ್ರಾರಂಭಿಸಬಹುದು. ನಲ್ಲಿಯಲ್ಲಿ ನೀರು ಬಂದ ಹೊತ್ತು, ಅದರ ಬಣ್ಣ ವಾಸನೆಗಳು, ಕೊಳಾಯಿ ಚರಂಡಿಯೊಳಗಿಂದ ಹಾದುಹೋಗುವ ಜಾಗ, ಇವನ್ನು ಬರೆದಿಡಬಹುದು. ನಲ್ಲಿಯ ನೀರಿನಲ್ಲಿ ಲೀಟರಿಗೆ ೦.೨ ಮಿಲಿಗ್ರಾಮಿನಷ್ಟಾದರೂ ಕ್ಲೋರಿನ್ ಉಳಿದಿರಬೇಕೆಂದು ನಿಯಮವಿದೆ. ಹನಿ ಹಾಕಿದೊಡನೆ ಬಣ್ಣ ತಿರುಗುವ ಚಿಕ್ಕ ಪೆಟ್ಟಿಗೆಯಿಂದ ಅಧ್ಯಾಪಕರು ಇದನ್ನು ತರಗತಿಯಲ್ಲಿಯೇ ತೋರಿಸಬಹುದು. ಮಂಜ ಎಂಬ ಭಾರತೀಯ ವಿಜ್ಞಾನಿಯೂ ಅವರ ಸಂಗಡಿಗರೂ ೧೯೮೨ರಲ್ಲಿ ಪ್ರಕಟಿಸಿದ ಸುಲಭ ಪರೀಕ್ಷೆಯೊಂದುಂಟು. ಔಷಧ ಸವರಿದ ಕಾಗದದ ಪಟ್ಟಿಯಿರುವ ಸೀಸೆಯಲ್ಲಿ ನೀರನ್ನು ತುಂಬಿ ಒಂದೆರಡು ದಿನ ಬೆಚ್ಚಗಿನ ಜಾಗದಲ್ಲಿಟ್ಟರೆ, ಮಲದ ಸೋಂಕುಳ್ಳ ನೀರು ಕಪ್ಪಾಗುತ್ತದೆ. ಕಪ್ಪಾದ ನೀರನ್ನು ಕೈಯಿಂದ ಮುಟ್ಟದೆ ಅಧ್ಯಾಪಕರಿಗೆ ಒಪ್ಪಿಸಬೇಕು.

ನಮ್ಮ ಮನೆಗಳ ಕೂಲರುಗಳನ್ನೂ ಮರೆಯಬಾರದು. ಬೇಸಗೆಯಲ್ಲಿ ತಂಪು ಕೊಟ್ಟ ಆ ಪೆಟ್ಟಿಗೆಯ ತಳದಲ್ಲಿ ಮಳೆಗಾಲದವರೆಗೂ ನೀರು ನಿಂತಿದ್ದರೆ ಅದು ಡೆಂಗಿ ಜ್ವರದ ಸೊಳ್ಳೆಯ ತೊಟ್ಟಿಲಾಗುತ್ತದೆ. ಮೊಟ್ಟೆಯು ಸೊಳ್ಳೆಯಾಗಲು ಒಂದು ವಾರ ಹತ್ತು ದಿನ ಸಾಕು. ಆದುದರಿಂದ ವಾರಕ್ಕೊಮ್ಮೆ ನೀರನ್ನು ಚೆಲ್ಲಿ, ಉಜ್ಜಿ, ಒಣಗಿಸಿದ ದಿನವನ್ನು ಗುರುತು ಹಾಕಬೇಕು. ತರಗತಿಯ ಉಷ್ಣತೆಯನ್ನು ಬೆಳಗ್ಗೆ, ಮಧ್ಯಾಹ್ನ, ಶಾಲೆ ಬಿಡುವಾಗ ಓದಿ ಬರೆಯಬೇಕು. ಮನೆಯಲ್ಲಿ ಯಾರು ಎಷ್ಟು ಹೊತ್ತು ಒಲೆಯ ಮುಂದೆ, ರಸ್ತೆಯ ಬದಿಯಲ್ಲಿ, ಬಿಸಿಲಿನಲ್ಲಿ ಇರುತ್ತಾರೆಂಬ ಒಂದು ದಿನದ ಪಟ್ಟಿಯನ್ನು ಮಾಡಿದರೆ, ಒಂದೇ ಸೂರಿನ ಕೆಳಗಿರುವವರ ಒಡ್ಡಿಕೆಗಳು ಎಷ್ಟು ಬೇರೆಬೇರೆಯೆಂದು ಮಕ್ಕಳಿಗೆ ತಾವೇ ಕಾಣುತ್ತದೆ.

ಬರೆಯುವಾಗ ಮೂರು ನಿಯಮಗಳನ್ನು ಪಾಲಿಸಬೇಕು. ತಾರೀಖು, ಸ್ಥಳ, ಹೊತ್ತು ಇವಿಲ್ಲದ ಅಂಕಿಯನ್ನು ಅಂಕಿಯೆಂದು ಎಣಿಸಬಾರದು. ಕಂಡುದನ್ನು ಕಂಡಂತೆ ಬರೆಯಬೇಕು. ಕೇಳಿದುದನ್ನು ‘ಕೇಳಿದುದು’ ಎಂದೇ ಬರೆಯಬೇಕು. ಕೆಟ್ಟುದನ್ನು ಬರೆದಂತೆ ಚೆನ್ನಾಗಿರುವುದನ್ನೂ ಬರೆಯಬೇಕು. ನೀರು ತಿಳಿಯಾಗಿದ್ದ ದಿನಗಳ ಲೆಕ್ಕವಿಲ್ಲದೆ ನೀರು ಕೆಟ್ಟ ದಿನದ ಬೆಲೆ ಗೊತ್ತಾಗದು. ಈ ಮೂರನ್ನು ಪಾಲಿಸಿದ ಹುಡುಗಿಯೊಬ್ಬಳ ನೋಟುಪುಸ್ತಕವನ್ನು ನಗರಸಭೆಯ ಅಧಿಕಾರಿಯೂ ಸುಲಭವಾಗಿ ತಳ್ಳಿಹಾಕಲಾರನು.

ಶಾಲೆಯ ಪ್ರತಿಯೊಂದು ತರಗತಿಗೂ ಇಂತಹ ಒಂದು ದಫ್ತರವನ್ನು ಈ ವರ್ಷ ಆರಂಭಿಸಬಹುದೆಂದು ನಾವು ಸೂಚಿಸುತ್ತೇವೆ. ಪಾಳಿಯ ಮೇಲೆ ಇಬ್ಬರಿಬ್ಬರು ವಿದ್ಯಾರ್ಥಿಗಳು ದಿನವೂ ಹತ್ತು ನಿಮಿಷ ಅದಕ್ಕಾಗಿ ಕೊಟ್ಟರೆ ಸಾಕು. ಅವರು ಓದಿ ಮುಗಿಸಿ ಹೋದ ಮೇಲೂ ಪುಸ್ತಕವು ಮುಂದಿನವರ ಕೈಗೆ ಹೋಗುತ್ತದೆ. ಹತ್ತು ವರ್ಷಗಳ ತರುವಾಯ ಯಾರಾದರೂ ‘ಆಗ ನೀರು ಹೇಗಿತ್ತು, ತರಗತಿ ಎಷ್ಟು ಕಾಯುತ್ತಿತ್ತು’ ಎಂದು ಕೇಳಿದರೆ ಅಲ್ಲಿ ಉತ್ತರವಿರುತ್ತದೆ. ಮುಂದಿನ ವಾರ್ಷಿಕ ಸಂಚಿಕೆಯಲ್ಲಿ ಈ ದಫ್ತರಗಳಿಂದ ಆರಿಸಿದ ಒಂದೆರಡು ಪುಟಗಳನ್ನು, ಬರೆದ ಮಕ್ಕಳ ತರಗತಿಯ ಹೆಸರಿನೊಡನೆ, ಮುದ್ರಿಸುವಂತಾಗಲಿ.